ಒಡಹುಟ್ಟಿದವರ ಕಂಠಮೈತ್ರಿ

ದೂರವಾಣಿಯಲ್ಲಿ ತಮ್ಮನ ಧ್ವನಿಯನ್ನು ಕೇಳಿ, ಅಣ್ಣನೇ ಮಾತನಾಡುತ್ತಿರುವನೆಂದು ಭಾವಿಸಿ, ಆಡಬಾರದ ಗುಟ್ಟನ್ನು ಆಡಿಬಿಟ್ಟು ನಾಚಿಕೊಂಡವರು ವಾಚಕರಲ್ಲಿ ಕೆಲವರಾದರೂ ಇರಬಹುದು. ಮುಖ ಕಾಣದಿರುವುದು ಈ ಪ್ರಮಾದಕ್ಕೆ ಒಂದು ಕಾರಣ. ಇನ್ನೊಂದು ಭೌತವಿಜ್ಞಾನಕ್ಕೆ ಸೇರಿದುದು. ಹಿಂದಿನ ದೂರವಾಣಿ ವ್ಯವಸ್ಥೆ ಸೆಕೆಂಡಿಗೆ ಸುಮಾರು 300ರಿಂದ 3400ರವರೆಗಿನ ಕಂಪನಗಳನ್ನು ಮಾತ್ರ ಸಾಗಿಸುತ್ತಿತ್ತು. ಗಂಡಸರ ಮಾತಿನ ಮೂಲಸ್ವರವಾದರೋ ಸಾಮಾನ್ಯವಾಗಿ 100ರಿಂದ 150ರ ಆಸುಪಾಸಿನದು. ಅದು ದಾರಿಯಲ್ಲಿಯೇ ಉಳಿದುಹೋಗುತ್ತಿತ್ತು. ಕಿವಿಯನ್ನು ಮುಟ್ಟುತ್ತಿದ್ದುದು ಮುಖ್ಯವಾಗಿ ಮೇಲಿನ ಉಪಸ್ವರಗಳು, ಎಂದರೆ ಗಂಟಲು ಮತ್ತು ಬಾಯಿಯ ಪೊಳ್ಳು ಆ ಧ್ವನಿಗೆ ಕೊಟ್ಟ ಬಣ್ಣ. ಒಡಹುಟ್ಟಿದವರಲ್ಲಿ ಅನೇಕವೇಳೆ ಹೋಲುವುದು ಈ ಬಣ್ಣವೇ.

ಇದೇ ಹೋಲಿಕೆಯನ್ನು ಬಂಡವಾಳವಾಗಿಸಿಕೊಂಡ ಗಾಯನಪದ್ಧತಿಯೊಂದು ಅಮೆರಿಕದ ದಕ್ಷಿಣ ಸೀಮೆಯಲ್ಲಿ ಬೆಳೆದುಬಂದಿದೆ. ಅಲ್ಲಿನ ಜಾನಪದ ಗೀತೆಗಳಿಂದ ಕವಲೊಡೆದ 'ಕಂಟ್ರಿ' ಸಂಗೀತದಲ್ಲಿ ಅಣ್ಣತಮ್ಮಂದಿರ ಜೋಡಿಗಳು ಒಂದರ ಹಿಂದೊಂದು ಬಂದುವು: 1930ರ ದಶಕದಲ್ಲಿ ಅಲಬಾಮದ ಡೆಲ್ಮೋರ್ ಸೋದರರು, 1950ರ ದಶಕದಲ್ಲಿ ಅದೇ ರಾಜ್ಯದ ಐರಾ ಮತ್ತು ಚಾರ್ಲಿ ಲೂವಿನ್, 1957ರಲ್ಲಿ 'ಬೈ ಬೈ ಲವ್' ಎಂಬ ಹಾಡಿನಿಂದ ಮನೆಮಾತಾದ ಡಾನ್ ಮತ್ತು ಫಿಲ್ ಎವರ್ಲಿ. ನಮ್ಮ ಸೋದರಿಯರೋ ಸೋದರರೋ ಜೊತೆಗೂಡಿ ಕಚೇರಿ ಮಾಡಿದರೆ ಇಬ್ಬರೂ ಹಿಡಿಯುವುದು ಒಂದೇ ಸ್ವರವನ್ನು. ಅಲ್ಲಿ ಹಾಗಲ್ಲ. ಹಿರಿಯನಾದ ಡಾನ್ ಸಾಮಾನ್ಯವಾಗಿ ಮೂಲ ಧಾಟಿಯನ್ನು ಹಾಡಿದರೆ, ಫಿಲ್ ಅದಕ್ಕೆ ಸಮಾನಾಂತರವಾಗಿ ಎರಡು ಮೆಟ್ಟಿಲು ಮೇಲೆ ನಡೆಯುತ್ತಿದ್ದನು. ಒಬ್ಬನು ಷಡ್ಜದಲ್ಲಿದ್ದಾಗ ಇನ್ನೊಬ್ಬನು ಗಾಂಧಾರದಲ್ಲಿ ಇರುವನು. ಹೀಗಿದ್ದೂ ಕೇಳುವವನಿಗೆ ಇಬ್ಬರು ಹಾಡುತ್ತಿರುವಂತೆ ತೋರದೆ, ಎರಡು ಸ್ವರಗಳುಳ್ಳ ಒಂದೇ ಕಂಠವಿದೆಯೆಂದು ತೋರುವುದು. ಈ ಭ್ರಮೆ ಹುಟ್ಟುವುದು ಹೇಗೆ?

ಮೊದಲು ಶ್ರುತಿಯ ಲೆಕ್ಕ. ಕೆಳಗಿನ ಸ್ವರ ಸೆಕೆಂಡಿಗೆ 220 ಕಂಪನಗಳದ್ದಾಗಿರಲಿ. ಶುದ್ಧವಾದ ಅಂತರ ಗಾಂಧಾರ ಅದರ ಐದು ನಾಲ್ಕಾಂಶದಷ್ಟು, ಎಂದರೆ 275. ಪ್ರತಿಯೊಂದು ಕಂಠದಲ್ಲಿಯೂ ಮೂಲಸ್ವರದೊಡನೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನಗಳುಳ್ಳ ಉಪಸ್ವರಗಳು ಇದ್ದೇ ಇರುವುವು. 220ರ ಐದರಷ್ಟು 1100; 275ರ ನಾಲ್ಕರಷ್ಟೂ 1100. ಎರಡು ಕಂಠಗಳೂ ಅಲ್ಲಿ ಕೈಹಿಡಿದು ನಿಲ್ಲುತ್ತವೆ. ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿರುವ ಪಿಯಾನೋದಲ್ಲಿ ಅದೇ ಗಾಂಧಾರ ಸುಮಾರು 277.2 ಆಗುತ್ತದೆ. ಅದರ ನಾಲ್ಕರಷ್ಟು 1108.7, ಮೊದಲಿನದಕ್ಕೂ ಇದಕ್ಕೂ ಹೊಂದದೆ ನಾದವು ಸೆಕೆಂಡಿಗೆ ಸುಮಾರು ಒಂಬತ್ತು ಬಾರಿ ಏರಿಳಿದು ನಡುಗುವುದು. ಈ ನಡುಕಕ್ಕೆ ವಿಸ್ಪಂದವೆಂದು ಹೆಸರು. ಪ್ರಯೋಗಶಾಲೆಯಲ್ಲಿ ಎರಡು ಶ್ರುತಿಕವೆಗಳ ಪೈಕಿ ಒಂದಕ್ಕೆ ಮೇಣ ಮೆತ್ತಿ ಇದನ್ನು ತೋರಿಸುವುದುಂಟು. (ಎರಡರ ಮೇಲೂ 256 ಎಂದು ಕೆತ್ತಿದ್ದರೂ ಮೇಣವಿಲ್ಲದೆಯೇ ವಿಸ್ಪಂದ ಕೇಳಿಬಂದು ನಾನು ವಿದ್ಯಾರ್ಥಿಗಳ ನಗೆಗೆ ಪಾತ್ರನಾದದ್ದೂ ಉಂಟು.) ಕಂಠಕ್ಕೆ ಪಿಯಾನೋದಂತೆ ಸ್ಥಿರವಾದ ಮನೆಗಳಿಲ್ಲ, ಗಾಯಕರು ಕಿವಿಯ ನೆರವಿನಿಂದ ಶುದ್ಧ ಗಾಂಧಾರಕ್ಕೆ ಸರಿಯಬಲ್ಲರು. ತಂಬೂರಿಯ ಷಡ್ಜದ ತಂತಿಯಲ್ಲಿ, ಯಾರೂ ಮೀಟದ ಗಾಂಧಾರವೊಂದು ತಾನಾಗಿಯೇ ನುಡಿಯುವುದನ್ನು ಆಲಿಸಿದವರಿಗೆ ಈ 'ಐದನೆಯ ಉಪಸ್ವರ' ಹೊಸ ಪರಿಚಯವಲ್ಲ.

ಆದರೆ ಶ್ರುತಿಶುದ್ಧಿಯೊಂದರಿಂದಲೇ ಈ ಭ್ರಮೆ ಮೂಡದು. ಪಿಟೀಲೂ ಕೊಳಲೂ ಇದೇ ಅಂತರದಲ್ಲಿ ಎಷ್ಟೇ ಶುದ್ಧವಾಗಿ ನುಡಿದರೂ ನಾವು ಅವನ್ನು ಬೇರೆ ಬೇರೆಯಾಗಿಯೇ ಗುರುತಿಸುತ್ತೇವೆ. ಹಲವು ಧ್ವನಿಗಳು ಬೆರೆತು ಬಂದಾಗ ಕಿವಿ ಅವನ್ನು ವಿಂಗಡಿಸುವುದು ಕೆಲವು ಕುರುಹುಗಳಿಂದ: ನಾದದ ಬಣ್ಣ ಬೇರೆಯೇ? ಅವು ಆರಂಭವಾದ ಗಳಿಗೆ ಬೇರೆಯೇ? ಶ್ರುತಿಯ ಸೂಕ್ಷ್ಮ ಅಲುಗಾಟ ಬೇರೆಯೇ? ಸೋದರರ ಗಾಯನ ಈ ಕುರುಹುಗಳನ್ನೆಲ್ಲ ಅಳಿಸಿಹಾಕುತ್ತದೆ.

ಬಣ್ಣದ ಮಾತನ್ನೇ ನೋಡೋಣ. ಧ್ವನಿತಂತುಗಳಿಂದ ತುಟಿಯವರೆಗಿನ ನಾಳ ವಯಸ್ಕ ಪುರುಷನಲ್ಲಿ ಸುಮಾರು 17 ಸೆಂಟಿಮೀಟರ್ ಉದ್ದವಿರುವುದು. ಒಂದು ತುದಿ ಮುಚ್ಚಿದ ಅಷ್ಟು ಉದ್ದದ ಸರಳ ಕೊಳವೆ ಸೆಕೆಂಡಿಗೆ ಸುಮಾರು 500, 1500, 2500 ಕಂಪನಗಳಿಗೆ ಅನುರಣಿಸುತ್ತದೆ. ಆ ನೆರೆಯ ಉಪಸ್ವರಗಳು ಬಲಗೊಳ್ಳುತ್ತವೆ. ನಾಲಗೆ, ದವಡೆ, ತುಟಿಗಳು ಕೊಳವೆಯ ಆಕಾರವನ್ನು ಬದಲಿಸಿದಂತೆ ಈ ಸ್ಥಾನಗಳೂ ಸರಿದು 'ಆ', 'ಈ', 'ಊ' ಎಂಬ ಭೇದ ಹುಟ್ಟುತ್ತದೆ. ಅಂಗುಳಿನ ಕಮಾನು, ದವಡೆಯ ಅಳತೆ ಇವು ಬಹುಮಟ್ಟಿಗೆ ಅನುವಂಶಿಕ. ಆದುದರಿಂದ ಸೋದರರಲ್ಲಿ ಮೂಲಸ್ವರಗಳು ಬೇರೆಯಾಗಿದ್ದರೂ ಅನುರಣನೆಯ ಸ್ಥಾನಗಳು ಹತ್ತಿರ ಹತ್ತಿರ ಬೀಳುವ ಸಂಭವ ಹೆಚ್ಚು.

ಹಾಗಾದರೆ ಎಲ್ಲವೂ ರಕ್ತದ ಮಹಿಮೆಯೇ? ಅಲ್ಲವೆಂದೇ ನನ್ನ ಅಭಿಪ್ರಾಯ. ಕೊಳವೆ ತಂದೆತಾಯಿಗಳಿಂದ ಬಂದರೂ ಅದನ್ನು ಬಳಸುವ ರೀತಿ ಬರುವುದು ಮನೆಯ ಮಾತಿನಿಂದ. ಅಮೆರಿಕದ ದಕ್ಷಿಣದವರು 'ಐ' ಎಂಬುದನ್ನು ಬಹುಪಾಲು 'ಆ' ಎಂದೇ ಎಳೆಯುತ್ತಾರೆ. ಜೊತೆಗಾರರಲ್ಲಿ ಒಬ್ಬನು 'ಐ' ಎಂದೂ ಇನ್ನೊಬ್ಬನು 'ಆ' ಎಂದೂ ಹಾಡಿದರೆ, ಅವರ ದವಡೆಗಳು ಒಂದೇ ಅಚ್ಚಿನವಾದರೂ ಬಣ್ಣ ಒಡೆಯುವುದು. ಎವರ್ಲಿ ಸೋದರರು 1940ರ ದಶಕದಲ್ಲಿ, ಇನ್ನೂ ಬಾಲಕರಾಗಿದ್ದಾಗಲೇ, ಐಯೋವಾ ರಾಜ್ಯದ ಶೆನಾಂಡೊವಾ ಊರಿನ ಬಾನುಲಿಯಲ್ಲಿ ತಂದೆತಾಯಿಗಳೊಡನೆ ಹಾಡುತ್ತಿದ್ದರು. ವ್ಯಂಜನವನ್ನು ಯಾವ ಕ್ಷಣದಲ್ಲಿ ಮುಗಿಸಬೇಕು, ಎಲ್ಲಿ ಉಸಿರು ಹಿಡಿಯಬೇಕು ಎಂಬುದನ್ನು ಅಂಥವರು ಎಣಿಸಿ ಕಲಿತದ್ದಲ್ಲ. ಜೊತೆಯಲ್ಲಿ ಬೆಳೆದು ಕಲಿತದ್ದು. ಇವರನ್ನೇ ಮಾದರಿಯಾಗಿ ಇಟ್ಟುಕೊಂಡ ಪಾಲ್ ಸೈಮನ್ ಮತ್ತು ಆರ್ಟ್ ಗಾರ್ಫಂಕಲ್ ಸೋದರರಲ್ಲ, ನ್ಯೂಯಾರ್ಕಿನ ಶಾಲಾಗೆಳೆಯರು. ಬಾಲ್ಯದಿಂದಲೇ ಒಟ್ಟಿಗೆ ಹಾಡಿದ ಅವರ ಸಾಮರಸ್ಯವೂ ಅಪೂರ್ವವಾದುದೇ.

ಹೀಗೆ ಎರಡು ದೇಹಗಳಲ್ಲಿ ಹಂಚಿಕೊಂಡ ವಾದ್ಯಕ್ಕೆ ಬಿಡಿಭಾಗ ದೊರೆಯದು. ಎವರ್ಲಿ ಸೋದರರು 1973ರಲ್ಲಿ ಮನಸ್ತಾಪದಿಂದ ಬೇರೆಯಾದರು; ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮತ್ತೆ ಜೊತೆಯಾಗಿ ವೇದಿಕೆಯೇರಿದುದು 1983ರಲ್ಲಿ. ಫಿಲ್ 2014ರಲ್ಲಿಯೂ ಡಾನ್ 2021ರಲ್ಲಿಯೂ ತೀರಿಕೊಂಡರು.

ಲೂವಿನ್ ಸೋದರರಿಗೆ ಮರುಮಿಲನದ ಅವಕಾಶವೇ ಸಿಗಲಿಲ್ಲ. ಧಾಟಿ ತನ್ನ ಕಂಠಕ್ಕೆ ನಿಲುಕದಷ್ಟು ಮೇಲೇರಿದಾಗ ಚಾರ್ಲಿ ಕೆಳಗಿನ ಸ್ವರಕ್ಕೆ ಇಳಿಯುವನು, ಐರಾ ಧಾಟಿಯನ್ನು ಎತ್ತಿಕೊಳ್ಳುವನು. ಹಾಡಿನ ನಡುವೆಯೇ ನಡೆಯುವ ಈ ಅದಲುಬದಲು ಕೇಳುವವರ ಗಮನಕ್ಕೆ ಬರುತ್ತಿರಲಿಲ್ಲ. 1963ರಲ್ಲಿ ಜೋಡಿ ಮುರಿಯಿತು. 1965ರಲ್ಲಿ ಐರಾ ರಸ್ತೆ ಅಪಘಾತದಲ್ಲಿ ಮೃತನಾದನು. ಚಾರ್ಲಿ 2011ರಲ್ಲಿ ತೀರಿಕೊಳ್ಳುವವರೆಗೂ ಒಬ್ಬನೇ ಹಾಡುತ್ತಿದ್ದನು. ಇಬ್ಬರಿಗೂ ಒಂದೇ ಧ್ವನಿಗ್ರಾಹಕವಿದ್ದ ಕಾಲದ ಅಭ್ಯಾಸ ಅವನನ್ನು ಬಿಡಲಿಲ್ಲ. ಅಣ್ಣನು ಸೇರಿಕೊಳ್ಳಬೇಕಾದ ಸಾಲು ಬಂದಾಗ, ಬಲಗಡೆ ಯಾರೂ ಇಲ್ಲವೆಂದು ತಿಳಿದಿದ್ದರೂ, ತಾನು ಈಗಲೂ ಎಡಕ್ಕೆ ಸರಿದು ಜಾಗ ಬಿಡುವೆನೆಂದು ಅವನೇ ಸಂದರ್ಶನವೊಂದರಲ್ಲಿ ಹೇಳಿದ್ದನು.