ವೀಲ್ ಕ್ಯಾಪ್ ಹಾಕಿಸುವ ಮುಂಚೆ

ಹಳೆಯ ಕಾರಾದರೂ ಚೊಕ್ಕವಾಗಿ ಇಟ್ಟುಕೊಂಡಿದ್ದೀಯ, ಮಗಳೇ. ತುಕ್ಕು ಹಿಡಿದ ಕಬ್ಬಿಣದ ರಿಮ್ಮು ಕಣ್ಣಿಗೆ ಬೀಳಬಾರದು ಅಂತ ಜೆ.ಸಿ. ರಸ್ತೆಗೆ ಹೋಗಿ ವೀಲ್ ಕ್ಯಾಪ್ ತರುತ್ತೀಯಂತೆ. ತಾ, ಬೇಡ ಎನ್ನುವುದಿಲ್ಲ. ಆದರೆ ಕ್ಯಾಪು ಕೂರುವುದು ರಿಮ್ಮಿನ ಮೇಲೆ, ತಪ್ಪಾಗಿ ಕೂತರೆ ಪೆಟ್ಟು ತಿನ್ನುವುದು ಟೈರು. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗು.

ಮೊದಲು ಅಳತೆ. ಟೈರಿನ ಪಕ್ಕದಲ್ಲಿ 165/80 ಆರ್ 14 ಎನ್ನುವಂಥ ಬರಹ ಇರುತ್ತದಲ್ಲ, ಅದರ ಕೊನೆಯ ಸಂಖ್ಯೆಯೇ ರಿಮ್ಮಿನ ಅಳತೆ, ಇಂಚಿನಲ್ಲಿ. 14 ಇದ್ದರೆ 14ರದ್ದೇ ಕೊಳ್ಳು. 'ಒಂದು ಸೈಜು ದೊಡ್ಡದಾದರೆ ಲುಕ್ ಚೆನ್ನಾಗಿರುತ್ತೆ ಮೇಡಂ' ಅಂದರೆ ಕಿವಿಗೊಡಬೇಡ. ದೊಡ್ಡ ಕ್ಯಾಪಿನ ಅಂಚು ಟೈರಿನ ಪಕ್ಕಕ್ಕೆ ತಾಗುತ್ತದೆ. ಕಾರಿನ ಭಾರಕ್ಕೆ ಟೈರು ನೆಲ ಮುಟ್ಟುವ ಕಡೆ ಪ್ರತಿ ಸುತ್ತಿಗೂ ಒಮ್ಮೆ ಹೊರಕ್ಕೆ ಉಬ್ಬುತ್ತದೆ. ಈ ಅಳತೆಯ ಟೈರು ಕಿಲೋಮೀಟರಿಗೆ ಸುಮಾರು 500 ಸುತ್ತು ಹಾಕುತ್ತದೆ. ನೀನು ಮೈಸೂರು ತಲುಪುವಷ್ಟರಲ್ಲಿ ಎಷ್ಟು ಸಾವಿರ ಸಲ ಉಜ್ಜಿರುತ್ತದೆ, ಲೆಕ್ಕ ಹಾಕು. ನಡುವೆ ಮರಳು, ಕೆಸರು ಸೇರಿದರೆ ಉಪ್ಪುಕಾಗದ ಹಾಕಿ ತಿಕ್ಕಿದ ಹಾಗೆ. ರಸ್ತೆಗೆ ತಾಗುವ ಭಾಗದ ಒಳಗೆ ಉಕ್ಕಿನ ತಂತಿಯ ಪದರ ಇರುತ್ತದೆ, ಪಕ್ಕಕ್ಕೆ ಆ ರಕ್ಷೆ ಇಲ್ಲ. ಅಲ್ಲಿ ಸೀಳಿದರೆ ಪಂಕ್ಚರ್ ಹಾಕಿ ಉಳಿಸಿಕೊಳ್ಳಲೂ ಆಗುವುದಿಲ್ಲ, ಟೈರನ್ನೇ ಬದಲಾಯಿಸಬೇಕು.

ಎರಡನೆಯದು ವಾಲ್ವು. ಟ್ಯೂಬ್‌ಲೆಸ್ ಟೈರಿನಲ್ಲಿ ಗಾಳಿ ನಿಂತಿರುವುದೇ ರಿಮ್ಮಿನ ಅಂಚಿನ ಹಿಡಿತ ಮತ್ತು ಈ ರಬ್ಬರ್ ವಾಲ್ವಿನ ಮೇಲೆ. ಕ್ಯಾಪನ್ನು ತಿರುಗಿಸಿ ಹಿಂಬದಿ ನೋಡು. ಕ್ಲಿಪ್ಪುಗಳನ್ನು ಬಿಗಿಹಿಡಿಯುವ ಕಬ್ಬಿಣದ ರಿಂಗು ಒಂದು ಕಡೆ ಬಾಗಿರುತ್ತದೆ. ವಾಲ್ವಿಗೆ ಬಿಟ್ಟ ಜಾಗ ಅದು. ಅದನ್ನು ವಾಲ್ವಿಗೆ ಸರಿಯಾಗಿ ಹೊಂದಿಸಿ, ಆ ಕಡೆಯಿಂದಲೇ ಅಂಗೈಯಲ್ಲಿ ಒತ್ತುತ್ತಾ ಸುತ್ತ ಕೂರಿಸಬೇಕು. ಕಾಲಲ್ಲಿ ಒದ್ದು ಕೂರಿಸುವವರ ಕೈಗೆ ಕಾರು ಕೊಡಬೇಡ. ಸಡಿಲವಾದ ಕ್ಯಾಪು ಓಡುತ್ತಾ ಓಡುತ್ತಾ ಜಾರಿ ವಾಲ್ವನ್ನು ಪಕ್ಕಕ್ಕೆ ಒತ್ತುತ್ತದೆ. ಬುಡದಲ್ಲಿ ರಬ್ಬರ್ ಸೀಳಿ ಗಾಳಿ ಸೋರುತ್ತದೆ. ಗಾಳಿ ಕಮ್ಮಿಯಾದ ಟೈರು ಹೈವೇಯಲ್ಲಿ ವಿಪರೀತ ಮಡಿಚಿಕೊಂಡು ಕಾಯುತ್ತದೆ. ಸಿಡಿಯಲು ಅಷ್ಟು ಸಾಕು.

ಬಿದ್ದುಹೋಗದಿರಲಿ ಅಂತ ಪ್ಲಾಸ್ಟಿಕ್ ಟ್ಯಾಗ್ ಬಿಗಿಯುವ ರೂಢಿ ಎಲ್ಲ ಕಡೆ ಇದೆ. ಕತ್ತರಿಸಿ ಬಿಟ್ಟ ಅದರ ತುದಿ ಚೂಪಾಗಿರುತ್ತದೆ, ಟೈರಿನ ಕಡೆಗಾಗಲಿ ವಾಲ್ವಿನ ಕಡೆಗಾಗಲಿ ಅದು ಮುಖ ಮಾಡಿರಬಾರದು. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಕಟ್ಟಿದ ಕ್ಯಾಪನ್ನು ಯಾರೂ ಬಿಚ್ಚುವುದಿಲ್ಲ. ಒಳಗೆ ನಟ್ಟು ಸಡಿಲವಾದರೂ, ಕೆಸರು ಮೆತ್ತಿ ಚಕ್ರದ ಬ್ಯಾಲೆನ್ಸು ಕೆಟ್ಟರೂ ತಿಳಿಯುವುದಿಲ್ಲ. ಟ್ಯಾಗ್ ಇಲ್ಲದೆ ನಿಲ್ಲದ ಕ್ಯಾಪು ನಿನ್ನ ರಿಮ್ಮಿನದಲ್ಲ ಎಂದು ತಿಳಿ.

ಬಿಚ್ಚುವಾಗಲೂ ಸ್ಕ್ರೂಡ್ರೈವರ್ ಟೈರಿಗೂ ರಿಮ್ಮಿಗೂ ನಡುವೆ ನುಗ್ಗದಂತೆ ನೋಡಿಕೋ. ತುದಿಗೆ ಬಟ್ಟೆ ಸುತ್ತಿ, ವಾಲ್ವಿನಿಂದ ದೂರದ ಕಡೆ ಎಬ್ಬಿಸು.

ಇನ್ನೊಂದು ಮಾತು, ಹೆಚ್ಚಿನವರು ಗಮನಿಸದೇ ಇರುವುದು. ಫುಟ್‌ಪಾತಿನ ಕಲ್ಲಿಗೋ ಮಳೆಗಾಲದ ಗುಂಡಿಗೋ ಬಡಿದು ಕ್ಯಾಪು ಒಡೆದರೆ ಹೊಸದು ತಂದು ಹಾಕಿ ಸುಮ್ಮನಾಗುತ್ತಾರೆ. ಕ್ಯಾಪು ಒಡೆಯುವಷ್ಟು ಜೋರಾಗಿ ಬಡಿದದ್ದು ಟೈರನ್ನು ಬಿಟ್ಟಿರುತ್ತದೆಯೇ? ಟೈರಿನ ಎರಡೂ ಪಕ್ಕ ಕೈಯಾಡಿಸಿ ನೋಡು. ಒಂದು ಕಡೆ ಉಬ್ಬಿದ್ದರೆ ಒಳಗಿನ ನೂಲಿನ ಪದರ ಹರಿದಿದೆ ಅಂತಲೇ ಅರ್ಥ. ಆ ಟೈರನ್ನು ಸ್ಟೆಪ್ನಿಗೂ ಇಟ್ಟುಕೊಳ್ಳಬೇಡ. ಒಡೆದ ಕ್ಯಾಪನ್ನೂ ಹಾಗೇ ಬಿಡಬೇಡ, ಮುರಿದ ಅಂಚು ಟೈರಿಗೆ ಚುಚ್ಚುತ್ತದೆ.

ಗಾಳಿ ಎಷ್ಟಿರಬೇಕೆಂದು ಡ್ರೈವರ್ ಬಾಗಿಲು ತೆರೆದಾಗ ಕಾಣುವ ಸ್ಟಿಕ್ಕರಿನಲ್ಲಿ ಬರೆದಿರುತ್ತದೆ. ಬೆಳಿಗ್ಗೆ, ಟೈರು ತಣ್ಣಗಿರುವಾಗ ನೋಡಿಸು. ಕ್ಯಾಪ್ ಹಾಕಿಸಿದ ಮೊದಲ ವಾರ ಎರಡು ಸಲ ನೋಡಿಸಿದರೂ ತಪ್ಪಿಲ್ಲ. ಒಂದೇ ಚಕ್ರದಲ್ಲಿ ಗಾಳಿ ಇಳಿಯುತ್ತಿದ್ದರೆ ಪಂಕ್ಚರ್ ಹುಡುಕುವ ಮೊದಲು ಕ್ಯಾಪ್ ತೆಗೆಸಿ ವಾಲ್ವು ನೋಡಲು ಹೇಳು.

ನಿನ್ನ ಅಳತೆಯದು ಸಿಗದಿದ್ದರೆ ರಿಮ್ಮಿಗೆ ಒಂದು ಕೈ ಬಣ್ಣ ಬಳಿಸಿ ಹಾಗೇ ಓಡಿಸು. ಕಬ್ಬಿಣದ ರಿಮ್ಮು ಕಂಡರೆ ಯಾರ ಮಾನವೂ ಹೋಗುವುದಿಲ್ಲ.