ಕನಾಜಾವಾದ ಕರಕುಶಲ ವಸ್ತುಸಂಗ್ರಹಾಲಯ

ಜಪಾನಿನ ಪಶ್ಚಿಮ ಕರಾವಳಿಯಲ್ಲಿರುವ ಇಶಿಕಾವಾ ಪ್ರಾಂತದ ಕನಾಜಾವಾ ನಗರದಲ್ಲಿ ಆ ದೇಶದ ರಾಷ್ಟ್ರೀಯ ಕರಕುಶಲ ವಸ್ತುಸಂಗ್ರಹಾಲಯವಿದೆ. 1977ರಲ್ಲಿ ಟೋಕಿಯೋದಲ್ಲಿ ಆರಂಭಗೊಂಡ ಈ ಸಂಸ್ಥೆಯು 2020ರಲ್ಲಿ ಇಲ್ಲಿಗೆ ಸ್ಥಳಾಂತರಗೊಂಡಿತು. ಟೋಕಿಯೋದಲ್ಲಿ ಅದು ನೆಲೆಸಿದ್ದುದು ಚಕ್ರವರ್ತಿಯ ಅಂಗರಕ್ಷಕ ಪಡೆಯ ಹಳೆಯ ಕಛೇರಿಯಲ್ಲಿ. ಇಲ್ಲಿ ನೆಲೆಸಿರುವುದೂ ಸೈನ್ಯವು ಹಿಂದೆ ಬಳಸುತ್ತಿದ್ದ ಎರಡು ಮರದ ಕಟ್ಟಡಗಳಲ್ಲಿ. ಕತ್ತಿ ಹಿಡಿದವರ ಮನೆಗೆ ಕುಂಚ ಹಿಡಿದವರು ವಾರಸುದಾರರಾದುದು ಸಂತೋಷದ ಸಂಗತಿಯೇ ಸರಿ.

ಮಣ್ಣಿನ ಪಾತ್ರೆ, ನೇಯ್ಗೆ, ಬಿದಿರು, ಲೋಹ ಎಲ್ಲಕ್ಕೂ ಇಲ್ಲಿ ಸ್ಥಾನವುಂಟು. ಸುಜುಕಿ ಚೋಕಿಚಿ ಎಂಬವರ ನೇತೃತ್ವದಲ್ಲಿ ಸಿದ್ಧವಾದ ಹನ್ನೆರಡು ಲೋಹದ ಗಿಡುಗಗಳು 1893ರ ಚಿಕಾಗೋ ಪ್ರದರ್ಶನಕ್ಕೆ ಹೋಗಿದ್ದವು. ಸ್ವಾಮಿ ವಿವೇಕಾನಂದರು ಆ ನಗರದಲ್ಲಿ ಮಾತನಾಡಿದ್ದು ಅದೇ ವರ್ಷ.

ಆದರೆ ಅಧ್ಯಾಪಕನಾದವನು ಹೆಚ್ಚು ಹೊತ್ತು ನಿಲ್ಲಬೇಕಾದುದು ಮತ್ಸುದಾ ಗೊನ್ರೊಕು (1896–1986) ಅವರ ಕೆಲಸದ ಕೋಣೆಯ ಮುಂದೆ. ಇದೇ ಊರಿನಲ್ಲಿ ಹುಟ್ಟಿ, ಏಳನೆಯ ವಯಸ್ಸಿನಲ್ಲಿ ಅಣ್ಣನ ಬಳಿ ಕಲಿಯತೊಡಗಿದ ಇವರು ಮುಂದೆ ಟೋಕಿಯೋದ ಕಲಾಶಾಲೆಯಲ್ಲಿ ಪ್ರಾಧ್ಯಾಪಕರಾದರು. ಇವರ ಕಲೆ ಉರುಶಿಯದು. ನಮ್ಮ ಚನ್ನಪಟ್ಟಣದ ಆಟಿಕೆಗಳಿಗೆ ಹೊಳಪು ಕೊಡುವ ಅರಗು ಕೀಟದಿಂದ ಬಂದುದು. ತಿರುಗುವ ಮರಕ್ಕೆ ಒತ್ತಿ ಹಿಡಿದಾಗ ಹುಟ್ಟುವ ಕಾವಿಗೆ ಅದು ಕರಗಿ ಅಂಟುತ್ತದೆ. ಉರುಶಿಯಾದರೋ ಮರದ ರಸ. ಅದು ಗಟ್ಟಿಯಾಗಲು ಒಣಗಾಳಿ ಸಾಲದು, ತೇವ ತುಂಬಿದ ಬೆಚ್ಚನೆಯ ಗಾಳಿಯೇ ಬೇಕು. ಹಸಿ ಉರುಶಿಯಿಂದ ಚಿತ್ರ ಬರೆದು, ಅದು ಗಟ್ಟಿಯಾಗುವ ಮುನ್ನವೇ ಚಿನ್ನದ ಪುಡಿಯನ್ನು ಉದುರಿಸುವ ವಿದ್ಯೆಗೆ 'ಮಾಕಿ-ಎ' ಎಂದು ಹೆಸರು. ಎಳೆಯಷ್ಟು ಸಣ್ಣ ಗೆರೆಗಳಿಗೆ ಇಲಿಯ ಕೂದಲಿನ ಕುಂಚವನ್ನು ಬಳಸುವ ಸಂಪ್ರದಾಯವಿದೆ.

ಜಪಾನಿನ 1950ರ ಕಾಯಿದೆಯು ವಸ್ತುವಿಗಷ್ಟೇ ಅಲ್ಲದೆ ಕೈಯ ವಿದ್ಯೆಗೂ ರಕ್ಷಣೆಯನ್ನು ಒದಗಿಸಿತು. ವಿದ್ಯೆಯನ್ನು ಬಲ್ಲವರನ್ನು 1955ರಿಂದ ಗುರುತಿಸಲಾಗುತ್ತಿದ್ದು, ಮತ್ಸುದಾ ಅವರು ಆ ಮೊದಲ ವರ್ಷದಲ್ಲೇ ಆಯ್ಕೆಯಾದರು. ಜನರು ಇಂಥವರನ್ನು 'ಬದುಕಿರುವ ರಾಷ್ಟ್ರೀಯ ನಿಧಿ' ಎಂದು ಕರೆಯುತ್ತಾರೆ. ವರ್ಷಕ್ಕೆ 20 ಲಕ್ಷ ಯೆನ್ ಸಲ್ಲುತ್ತದೆ. ಅದು ಬಹುಮಾನವಲ್ಲ, ವಿದ್ಯೆಯನ್ನು ಬೆಳೆಸಿ ಶಿಷ್ಯರನ್ನು ಸಿದ್ಧಪಡಿಸಲು ಕೊಟ್ಟ ನೆರವು. ಅವರು ಕಾಲವಾದೊಡನೆ ಆ ಮನ್ನಣೆಯೂ ಮುಗಿಯುತ್ತದೆ, ಮಕ್ಕಳಿಗೆ ಇಳಿಯುವುದಿಲ್ಲ. ಇದು ಬಹು ವಿವೇಕದ ಏರ್ಪಾಡೆಂದೇ ನಮ್ಮ ಭಾವನೆ.

ಅದೇ ಪ್ರಾಂತದ ವಾಜಿಮಾ ಪಟ್ಟಣವು ಉರುಶಿ ಪಾತ್ರೆಗಳಿಗೆ ಪ್ರಸಿದ್ಧವಾದುದು. ಈ ಕಲೆಯನ್ನು ಕಲಿಸುವ ಪ್ರಾಂತೀಯ ಶಾಲೆಯೊಂದು 1967ರಲ್ಲಿ ಅಲ್ಲಿ ಸ್ಥಾಪನೆಯಾಯಿತು. ಒಂದು ಬಟ್ಟಲು ಮುಗಿಯಲು ನೂರಕ್ಕೂ ಮಿಕ್ಕಿದ ಹಂತಗಳುಂಟು. ಮರ ಕಡೆಯುವವರು, ತಳಲೇಪ ಹಚ್ಚುವವರು, ಉಜ್ಜುವವರು, ಚಿನ್ನವಿಡುವವರು ಬೇರೆ ಬೇರೆ. 2024ರ ಜನವರಿ 1ರ ಭೂಕಂಪ ಮತ್ತು ಬೆಂಕಿಯಲ್ಲಿ ಅವರಲ್ಲಿ ಅನೇಕರ ಮನೆಗಳೂ ಕಾರ್ಯಾಗಾರಗಳೂ ನಾಶವಾದವು. ಹಲವರು ಊರನ್ನೇ ತೊರೆಯಬೇಕಾಯಿತು. ಅವರ ಸಾಲಿನಲ್ಲಿ ಒಬ್ಬನ ಕೆಲಸ ನಿಂತರೆ ಮುಂದಿನವನ ಕೈಗೆ ಬಟ್ಟಲು ಬಾರದು.