ಕ್ಯಾನ್ಸರ್ ರೋಗಿಯ ತೂಕ: ಮನೆಯವರು ಗಮನಿಸಬೇಕಾದದ್ದು

ಕುಪ್ಪಸ ಸಡಿಲವಾಯಿತು, ಬಳೆ ಮೊಣಕೈವರೆಗೆ ಜಾರುತ್ತಿವೆ ಎಂದು ಮನೆಯವರು ಮೊದಲು ಗುರುತಿಸುತ್ತಾರೆ. ಆದರೆ ವೈದ್ಯರಿಗೆ ಹೇಳುವುದಿಲ್ಲ. "ಈ ರೋಗವೇ ಹಾಗೆ" ಎಂದು ಸುಮ್ಮನಾಗುತ್ತಾರೆ. ಹಾಗೆ ಸುಮ್ಮನಾಗಬಾರದು. 50 ಕೆ.ಜಿ. ತೂಕದವರು ಒಂದು ತಿಂಗಳಲ್ಲಿ ಎರಡೂವರೆ ಕೆ.ಜಿ. ಇಳಿದರೆ ಕೂಡಲೇ ತಿಳಿಸಬೇಕು.

ರೋಣ, ನರಗುಂದ, ಗಜೇಂದ್ರಗಡ ಭಾಗದವರಿಗೆ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ ಪರಿಚಿತ. ಬಾಯಿ, ಗಂಟಲಿನ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ, ಅಂದರೆ ಜನರು ಹೇಳುವ 'ಕರೆಂಟ್', ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ 6-7 ವಾರ ನಡೆಯುತ್ತದೆ. ಬಾಯಿ ಹುಣ್ಣಾಗಿ ನುಂಗಲಾಗದೆ ತೂಕ ಇಳಿಯುತ್ತದೆ. ಮುಖಕ್ಕೆ ಅಳತೆ ಮಾಡಿದ ಅಚ್ಚು ಸಡಿಲಾಗುತ್ತದೆ. ನಿಶ್ಶಕ್ತಿ ಹೆಚ್ಚಿದರೆ ಚಿಕಿತ್ಸೆ ನಡುವೆ ನಿಲ್ಲಬಹುದು. ನಡುವೆ ನಿಂತ ಚಿಕಿತ್ಸೆಯ ಫಲ ಕಡಿಮೆ.

ಇದರ ಮೇಲೆ ನಮ್ಮ ಮನೆಗಳ ಪಥ್ಯ ಬೇರೆ. ಹಾಲು ಬೇಡ, ಮೊಸರು ಬೇಡ, ಶೇಂಗಾ ಬೇಡ, ಬೆಲ್ಲ ಬೇಡ; ಉಳಿಯುವುದು ನೀರುಗಂಜಿ. ಅದರಿಂದ ಹೊಟ್ಟೆ ತುಂಬುತ್ತದೆ, ಮೈಗೆ ಹತ್ತುವುದಿಲ್ಲ. ಸಿಹಿ ಬಿಟ್ಟರೆ ಗಡ್ಡೆ ಸಾಯುತ್ತದೆ ಎಂಬುದಕ್ಕೆ ಆಧಾರವಿಲ್ಲ. ಗಡ್ಡೆ ತನಗೆ ಬೇಕಾದ್ದನ್ನು ಮೈಯಿಂದಲೇ ಎಳೆದುಕೊಳ್ಳುತ್ತದೆ, ಉಪವಾಸ ಬೀಳುವವನು ರೋಗಿ. ಸಕ್ಕರೆ ಕಾಯಿಲೆ ಅಥವಾ ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳಿ ಊಟ ನಿರ್ಧರಿಸಲಿ.

ಕಟಿ ರೊಟ್ಟಿ, ಕೆಂಪು ಚಟ್ನಿ ಆ ದಿನಗಳಿಗಲ್ಲ. ಜೋಳದ ನುಚ್ಚನ್ನು ಮೆತ್ತಗೆ ಬೇಯಿಸಿ ಹಾಲಿನಲ್ಲಿ ಕಲಸಿ ಕೊಡಿ. ಹೆಸರುಬೇಳೆಗೆ ಒಂದು ಚಮಚ ತುಪ್ಪ ಹಾಕಿ. ಹುರಿದ ಶೇಂಗಾವನ್ನು ಖಾರವಿಲ್ಲದೆ ನುಣ್ಣಗೆ ಪುಡಿ ಮಾಡಿ ಮೊಸರಿಗೆ ಬೆರೆಸಿ. ಬೂಸ್ಟು ಹಿಡಿದ ಶೇಂಗಾ ಎಸೆದುಬಿಡಿ. ದಿನಕ್ಕೆ ಪ್ರತಿ ಕೆ.ಜಿ. ತೂಕಕ್ಕೆ 1ರಿಂದ 1.5 ಗ್ರಾಂ ಪ್ರೋಟೀನ್ ಬೇಕು. ಒಂದು ಹಿಡಿ ಶೇಂಗಾದಲ್ಲಿ ಸುಮಾರು 7 ಗ್ರಾಂ, ಒಂದು ಲೋಟ ಹಾಲಿನಲ್ಲಿ 6 ಗ್ರಾಂ ಸಿಗುತ್ತದೆ. ಎರಡು ತಾಸಿಗೊಮ್ಮೆ ಸ್ವಲ್ಪ ಸ್ವಲ್ಪ ಕೊಡಿ. "ತಿನ್ನು, ತಿನ್ನು" ಎಂದು ಪೀಡಿಸಿದರೆ ಇದ್ದ ಹಸಿವೂ ಹೋಗುತ್ತದೆ.

ಮೂಗಿನ ನಳಿಕೆ ಹಾಕಬೇಕೆಂದರೆ ಅನೇಕರು "ಇನ್ನು ಮುಗಿಯಿತು" ಎಂದು ಅತ್ತು, ರೋಗಿಯನ್ನು ಮನೆಗೆ ಕರೆದೊಯ್ಯುತ್ತಾರೆ. ಇದು ದೊಡ್ಡ ತಪ್ಪು. ಗಂಟಲು ಮಾಯುವವರೆಗೆ ಊಟ ಹೋಗಲು ಅದೊಂದು ದಾರಿ. ನುಂಗುವುದು ಸುಧಾರಿಸಿದ ಮೇಲೆ ಅದನ್ನು ತೆಗೆಯಬಹುದು.

ಕೆಲವರ ತೂಕ ಏರುತ್ತದೆ. ಸ್ತನ ಕ್ಯಾನ್ಸರಿನ ಚಿಕಿತ್ಸೆ ಪಡೆದ ತಾಯಂದಿರಲ್ಲಿ ಇದು ಹೆಚ್ಚು. ಚಿಕಿತ್ಸೆಯಿಂದ ಮುಟ್ಟು ನಿಲ್ಲುವುದು, ಕೆಲವು ಔಷಧಿ, ಓಡಾಟವಿಲ್ಲದಿರುವುದು ಕಾರಣ. ಬಂಧುಗಳು "ಮೈ ಹತ್ತಿದೆ, ಆರಾಮಾಗಿದ್ದಾಳೆ" ಎಂದು ಸಂತೋಷಪಡುತ್ತಾರೆ. ಅದು ಆರೋಗ್ಯದ ಗುರುತೇ ಆಗಬೇಕೆಂದಿಲ್ಲ. ಇವರೂ ಉಪವಾಸ ಮಾಡಬಾರದು. ರೊಟ್ಟಿ, ಪಲ್ಯ, ಮಡಕಿಕಾಳಿನ ಉಸಳಿ ಇರಲಿ, ಮಿರ್ಚಿ-ಭಜಿ ಅಪರೂಪವಾಗಲಿ. ವೈದ್ಯರು ಒಪ್ಪಿದರೆ ವಾರಕ್ಕೆ 5 ದಿನ ಅರ್ಧ ತಾಸು ನಡೆಯಿರಿ. ನಾಲ್ಕೈದು ದಿನಗಳಲ್ಲೇ ತೂಕ ಏರಿ ಕಾಲು, ಹೊಟ್ಟೆ ಬಾತರೆ ಅದು ನೀರು ತುಂಬಿದ್ದಿರಬಹುದು. ಅಂದೇ ಆಸ್ಪತ್ರೆಗೆ ಬನ್ನಿ.

ವಾರಕ್ಕೊಮ್ಮೆ, ಬೆಳಿಗ್ಗೆ, ಒಂದೇ ತಕ್ಕಡಿಯಲ್ಲಿ ತೂಗಿರಿ. ಚಿಕಿತ್ಸೆಯ ಫೈಲಿನ ಹಿಂಬದಿಯಲ್ಲಿ ತಾರೀಖಿನೊಡನೆ ಬರೆದು, ಪ್ರತಿ ಭೇಟಿಯಲ್ಲೂ ವೈದ್ಯರಿಗೆ ತೋರಿಸಿರಿ.